ಬೆಳ್ಳಿ ಹೊಟ್ಟೆಯ ಸಾವಿರ ಸಿ.ಡಿ.

ನನ್ನ ಭಾವ ಕೆಲೆಪಿ ಯಾವ ವಿಷಯವನ್ನೂ ಅರ್ಧಕ್ಕಿಂತ ಹೆಚ್ಚು ತಿಳಿದುಕೊಂಡವನಲ್ಲ. ಆದರೆ ಅರ್ಧ ತಿಳಿದ ಕೂಡಲೇ ಊರಿಗೆಲ್ಲ ಪಾಠ ಹೇಳಲು ಹೊರಡುತ್ತಾನೆ. ಅವನು ನನ್ನ ಸೋದರಮಾವನ ಮಗ. ನಮ್ಮ ಫಿಜಿಯಲ್ಲಿ ಭಾವ ಭಾವಂದಿರು ಒಬ್ಬರನ್ನೊಬ್ಬರು ಆಡಿಕೊಳ್ಳಲೇಬೇಕು. ಆಡಿಕೊಳ್ಳದೆ ಸುಮ್ಮನಿದ್ದರೆ ಮೈಗೆ ಹುಷಾರಿಲ್ಲವೇನೋ ಎಂದು ಮನೆಗೆ ಬಂದು ವಿಚಾರಿಸುತ್ತಾರೆ. ಆದ್ದರಿಂದ ಇಲ್ಲಿ ನಾನು ಅವನ ಬಗ್ಗೆ ಏನೇ ಬರೆದರೂ ಅದು ಕರ್ತವ್ಯಪಾಲನೆ ಎಂದು ತಿಳಿಯಬೇಕು.

ನಮ್ಮ ವೈಕುಲಾ ಹಳ್ಳಿಯಲ್ಲಿ ಒಂದು ಹಾಡಿನ ತಂಡವಿದೆ. ಹೆಸರು 'ವೈಕುಲಾ ಬಾಯ್ಸ್'. ಬಾಯ್ಸ್ ಪೈಕಿ ಅತಿ ಕಿರಿಯನಿಗೆ ಐವತ್ತೊಂದು ವರ್ಷ. ಕೆಲೆಪಿ ಮುಖ್ಯ ಗಾಯಕ, ಅವನ ಮೂವರು ತಮ್ಮಂದಿರು ಗಿಟಾರ್, ನಾನು ನಾಲ್ಕು ತಂತಿಯ ಪುಟ್ಟ ಉಕುಲೇಲೆ. ಯಂಗೋನ ಎಂಬ ಬೇರು ಕುಟ್ಟಿ ಕದಡಿದ ಪಾನೀಯದ ಬಟ್ಟಲಿನ ಸುತ್ತ ಕೂತು, ಕುಡಿದು, ಚಪ್ಪಾಳೆ ತಟ್ಟಿ ಹಾಡುವವರು ನಾವು. ಆ ಬಟ್ಟಲಿನಾಚೆಗೆ ನಮ್ಮ ಹಾಡು ಹೋಗಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಆ ಬುಧವಾರದ ಬಸ್ಸು ಬರುವವರೆಗೆ.

ಬುಧವಾರ ಲಂಬಾಸಾ ಪೇಟೆಯಿಂದ ಬರುವ ಬಸ್ಸಿನಲ್ಲಿ ನಾಸಿಗಾ ಹಳ್ಳಿಯವರ ಸಿ.ಡಿ. ಹಾಡುತ್ತಿತ್ತು. ನಾಸಿಗಾ ಕೊಲ್ಲಿಯಾಚೆಯ ಊರು. ಅವರಿಗೂ ನಮಗೂ ಮೂಲದೇವರು ಒಬ್ಬನೇ. ಹಾಗಾಗಿ ಅವರು ನಮ್ಮ ಹಂದಿಯನ್ನು ಹೊತ್ತೊಯ್ದರೂ ನಾವು ನಗಬೇಕು, ನಾವು ಅವರ ಮುಖಕ್ಕೆ ಬೈದರೂ ಅವರು ನಗಬೇಕು. ಸಿ.ಡಿ.ಯನ್ನು ಚಾಲಕ ಎರಡು ವಾರ ಗಾಜಿನ ಮುಂದೆ ಬಿಸಿಲಿನಲ್ಲಿಟ್ಟಿದ್ದ. ಅದು ಒಂದೇ ಸಾಲನ್ನು ಹದಿಮೂರು ಸಲ ಹಾಡಿ, ಕ್ರೀಕ್ ಎಂದು ಕೂಗಿ, ಸುಮ್ಮನಾಯಿತು. ಅದನ್ನು ಹಾಡಿದ ಎಪೆಲಿಯೇ ಎದುರಿನ ಸೀಟಿನಲ್ಲಿ ಕೂತಿದ್ದ.

ಕೆಲೆಪಿ ಎದ್ದು ಹೋಗಿ ಸಿ.ಡಿ. ತೆಗೆಸಿದ, ತಿರುಗಿಸಿ ನೋಡಿದ, ಬಸ್ಸಿಗೆಲ್ಲ ಕಾಣುವಂತೆ ಎತ್ತಿ ಹಿಡಿದ.

"ಎಪೆಲಿ, ನೋಡಪ್ಪ, ನಿಮ್ಮ ಹಾಡಿಗೆ ಅಜೀರ್ಣ ಆಗಿದೆ. ಹೊಟ್ಟೆ ಹಸಿರಾಗ್ಬಿಟ್ಟಿದೆ!"

"ಸಿ.ಡಿ. ಹೊಟ್ಟೆ ಇನ್ನೇನು ಬಣ್ಣ ಇರುತ್ತೆ?"

"ಬೆಳ್ಳಿ ಬಣ್ಣ! ಇದು ಅಂಗಡೀಲಿ ಬರ್ನ್ ಮಾಡಿದ್ದು. ದೊಡ್ಡ ದೊಡ್ಡ ಹಾಡುಗಾರರದ್ದೆಲ್ಲ ಫ್ಯಾಕ್ಟರೀಲಿ ಅಚ್ಚು ಹಾಕ್ತಾರೆ. ಅದು ಬಿಸಿಲಿಗೆ ಸಾಯಲ್ಲ. ಸುವಾದಲ್ಲಿ ನಮ್ಮ ನೆಂಟ ರೇಡಿಯೋ ಸ್ಟೇಷನ್ನಲ್ಲೇ ಇದಾನೆ, ಅವನೇ ಹೇಳಿದ್ದು."

ಆ ನೆಂಟ ರಾಜಧಾನಿಯ ರೇಡಿಯೋ ಸ್ಟೇಷನ್ನಿನ ಗೇಟು ಕಾಯುವವನು. ಅದನ್ನು ಕೆಲೆಪಿ ಹೇಳಲಿಲ್ಲ.

"ಸರಿಯಪ್ಪ, ನಮ್ಮ ಹೊಟ್ಟೆ ಹಸಿರು," ಎಂದ ಎಪೆಲಿ. "ನಿಮ್ಮದು ಎಲ್ಲಿ? ನಿಮ್ಮ ಹಾಡಿಗೆ ಹೊಟ್ಟೇನೇ ಇಲ್ವಲ್ಲ!"

ಬಸ್ಸು ಬಿದ್ದು ಬಿದ್ದು ನಕ್ಕಿತು. ಕೆಲೆಪಿಯ ಕಿವಿ ಕೆಂಪಾಯಿತು.

"ಬರುತ್ತೆ! ಅಚ್ಚು ಹಾಕಿಸಿದ್ದೇ ಬರುತ್ತೆ! ಬೆಳ್ಳಿ ಹೊಟ್ಟೇದು!"

ಬಸ್ಸಿನಲ್ಲಿ ಆಡಿದ ಮಾತನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಬಹುದಿತ್ತು. ಭಾವ ಹಾಗೆ ಮಾಡಲಿಲ್ಲ. ಮಾರನೆಯ ದಿನ ದೊಡ್ಡದೊಂದು ಯಂಗೋನದ ಬೇರನ್ನು ಊರಿನ ಒಡೆಯರ ಮುಂದಿಟ್ಟು, ಮಂಡಿಯೂರಿ, ವೈಕುಲಾದ ಸಿ.ಡಿ.ಗೆ ಅಚ್ಚನ್ನೇ ಹಾಕಿಸುತ್ತೇನೆಂದು ಮಾತು ಕೊಟ್ಟ. ಬೇರು ಮುಂದಿಟ್ಟು ಆಡಿದ ಮಾತನ್ನು ನಮ್ಮಲ್ಲಿ ವಾಪಸು ತೆಗೆದುಕೊಳ್ಳುವಂತಿಲ್ಲ. ಒಡೆಯರು ಆಗಲಿ ಎಂದರು. ಊರವರೆಲ್ಲ ಕೊಬ್ಬರಿ ಮಾರಿದ ಹಣ ತಂದು ಕೂಡಿಸಿದರು.

ಆಮೇಲೆ ಗೊತ್ತಾಯಿತು, ಫ್ಯಾಕ್ಟರಿ ಸಮುದ್ರದಾಚೆಗಿದೆ, ಸಾವಿರಕ್ಕಿಂತ ಕಡಿಮೆ ಅಚ್ಚು ಹಾಕುವುದಿಲ್ಲ. ವೈಕುಲಾದ ಜನಸಂಖ್ಯೆ ಇನ್ನೂರ ಹನ್ನೆರಡು. ಚರ್ಚಿನ ಹಿಂದೆ ಮಲಗಿರುವವರನ್ನು ಎಬ್ಬಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೂ ಆರುನೂರು ದಾಟುವುದಿಲ್ಲ.

ಲಂಬಾಸಾದ ರಾಮ್‌ಸಮುಜ್ ನಮಗೆ ಬುದ್ಧಿ ಹೇಳಿದ. ಅವನದು ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಮದುವೆ ವಿಡಿಯೋ ಎಲ್ಲ ಒಂದೇ ಕಡೆ ಸಿಗುವ ಅಂಗಡಿ. ಹಾಡು ಹಿಡಿಯುವ ಹಿಂದಿನ ಕೋಣೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದ. ಒಂದು ಸಲಕ್ಕೆ ಏಳು ಸಿ.ಡಿ. ಬರ್ನ್ ಮಾಡುವ ಯಂತ್ರವೂ ಇತ್ತು.

"ಭೈಯಾ, ನನ್ನ ಮಾತು ಕೇಳಿ. ನೂರು ಬರ್ನ್ ಮಾಡಿ ಕೊಡ್ತೀನಿ. ಖರ್ಚಾದ್ರೆ ಇನ್ನೊಂದು ನೂರು. ಏನಾದ್ರೂ ತಪ್ಪಾಗಿದ್ರೆ ಮುಂದಿನ ಏಳರಲ್ಲಿ ತಿದ್ಬೋದು. ಅಚ್ಚು ಹಾಕ್ಸಿದ್ರೆ ಮುಗೀತು, ಒಂದು ತಪ್ಪಾದ್ರೆ ಸಾವಿರ ತಪ್ಪು."

"ತಪ್ಪು ಯಾರು ಮಾಡ್ತಾರೆ?" ಎಂದ ಕೆಲೆಪಿ.

ಉತ್ತರ ಉಕುಲೇಲೆ ಹಿಡಿದು ಅವನ ಪಕ್ಕದಲ್ಲೇ ನಿಂತಿತ್ತು.

ನಮ್ಮ ಕಡೆಯ ಹಾಡಿನವರು ಸುಮ್ಮನೆ ಹಾಡು ಶುರು ಮಾಡುವುದಿಲ್ಲ. ಮೊದಲು ವಂದನೆ. ಒಡೆಯರಿಗೆ, ಪಾದ್ರಿಗೆ, ಹಿರಿಯರಿಗೆ ಹೆಸರು ಹೇಳಿ ನಮಸ್ಕಾರ. ನಾಸಿಗಾದವರು ಹನ್ನೊಂದು ಹೆಸರು ಹೇಳಿ ಮುಗಿಸಿದ್ದರು. ಆದರೆ ಅಚ್ಚಿನ ಸಿ.ಡಿ. ನೂರು ವರ್ಷ ಬಾಳುತ್ತದೆಂದು ಭಾವ ಊರೆಲ್ಲ ಹೇಳಿಕೊಂಡು ಬಂದಿದ್ದನಲ್ಲ, ನೂರು ವರ್ಷ ಹೊರಗುಳಿಯಲು ಯಾರು ತಾನೆ ಒಪ್ಪುತ್ತಾರೆ? ಮರುದಿನ ಬೆಳಗ್ಗೆಯೇ ಅವನ ಮನೆಯ ಮುಂದೆ ಸಾಲು ನಿಂತಿತು. ಒಬ್ಬರು ಏಡಿಗಳ ಗೊಂಚಲು ತಂದರು, ಒಬ್ಬರು ಚಾಪೆ, ಒಬ್ಬರು ಮರಗೆಣಸಿನ ಹೊರೆ. ಒಬ್ಬಾಕೆ ಬಂದು ಗಂಡನ ಹೆಸರು ಹೊಡೆದುಹಾಕಿಸಿದಳು, ಸಂಜೆ ಬಂದು ಮತ್ತೆ ಬರೆಸಿದಳು, ನಡುವೆ ಏನಾಯಿತೆಂದು ಹೇಳಲಿಲ್ಲ. ಊರಿನ ಮುಖಂಡ ತನ್ನ ಹೆಸರಿನ ಜೊತೆಗೆ ತಾನು ಓಡಾಡಿ ತರಿಸಿದ ಜನರೇಟರಿಗೂ ಒಂದು ನಮಸ್ಕಾರ ಇರಲಿ ಎಂದ.

"ಜನರೇಟರಿಗಾ?" ಎಂದೆ ನಾನು.

"ಯಾಕೆ, ಅದು ಊರಿಗೆ ದುಡಿಯಲ್ವಾ? ನಿನಗಿಂತ ಜಾಸ್ತಿ ದುಡಿಯುತ್ತೆ."

ವಂದನೆ ಹತ್ತೊಂಬತ್ತು ನಿಮಿಷಕ್ಕೆ ಬಂದು ನಿಂತಿತು. ಸಿ.ಡಿ.ಯಲ್ಲಿ ಜಾಗ ಸಾಲದೆ ನಾಲ್ಕು ಹಾಡು ಬಿಟ್ಟೆವು. ಕಿರಿಯ ತಮ್ಮ ಒಬ್ಬನೇ ಹಾಡುವ ಹಾಡೂ ಹೋಯಿತು. ಅವನು ಒಂದು ವಾರ ನಮ್ಮೊಡನೆ ಯಂಗೋನ ಕುಡಿಯಲಿಲ್ಲ.

ಏನನ್ನೂ ತರದೆ, ಏನನ್ನೂ ಕೇಳದೆ ಉಳಿದವಳು ಊರಿನಲ್ಲಿ ಒಬ್ಬಳೇ, ಕೆಲೆಪಿಯ ಹೆಂಡತಿಯ ತಾಯಿ, ಅವನ ಅತ್ತೆ ಮೆರೆಸೇನಿ. ಸಿ.ಡಿ.ಯ ಮೊದಲ ಹಾಡು ಅವಳು ಕಟ್ಟಿದ್ದು. ಕೊಬ್ಬರಿ ಸಾಗಿಸುವ ದೋಣಿಯೊಂದು ದಡ ಬಿಟ್ಟು ಹೋಗುವ ಹಾಡು. ಮೂವತ್ತನಾಲ್ಕು ವರ್ಷದ ಹಿಂದೆ ಅವಳ ತಂಗಿ ಲಿತಿಯಾ ಮದುವೆಯಾಗಿ ಆ ದೋಣಿಯಲ್ಲೇ ದೂರದ ಲಾವು ದ್ವೀಪಕ್ಕೆ ಹೋದವಳು, ಆಮೇಲೆ ಅಕ್ಕತಂಗಿಯರು ಮುಖ ನೋಡಿಲ್ಲ. ಕೊನೆಗೊಂದು ದಿನ ಮುದುಕಿ ನನ್ನನ್ನು ಮಾತ್ರ ಕರೆದಳು.

"ಇನೋಸಿ, ಹಾಡು ಕಟ್ಟಿದೋಳು ಮೆರೆಸೇನಿ ಅಂತ ಒಂದು ಮಾತು ಸೇರಿಸ್ತೀರೇನಪ್ಪ? ತಂಗಿ ಕಿವಿಗೆ ಬಿದ್ರೆ, ಅಕ್ಕ ಇನ್ನೂ ಬದುಕಿದಾಳೆ, ನನ್ನ ಮರೆತಿಲ್ಲ ಅಂದ್ಕೊಳ್ತಾಳೆ. ಅಷ್ಟೇ ನನಗೆ ಬೇಕಾಗಿರೋದು."

ಅಷ್ಟೇ. ಆದರೆ ಅದರಲ್ಲೊಂದು ತೊಡಕಿತ್ತು. ನಮ್ಮಲ್ಲಿ ಅಳಿಯನಾದವನು ಅತ್ತೆಯ ಹೆಸರು ಹೇಳುವಂತಿಲ್ಲ, ಅವಳೊಡನೆ ನೇರವಾಗಿ ಮಾತನಾಡುವಂತೆಯೂ ಇಲ್ಲ. ಅದು ಮರ್ಯಾದೆ. ಇಪ್ಪತ್ತಾರು ವರ್ಷದಿಂದ ಕೆಲೆಪಿ ಆ ಮರ್ಯಾದೆಯನ್ನು ಒಂದು ದಿನವೂ ಮೀರಿಲ್ಲ. ವಂದನೆ ಹೇಳುವವನು ಅವನು. ತಮ್ಮಂದಿರು ಹೇಳೋಣವೆಂದರೆ ಅಣ್ಣನ ಅತ್ತೆ ಅವರಿಗೂ ಅತ್ತೆಯೇ. ಉಳಿದವನು ನಾನೊಬ್ಬ. ಆ ಜಾಗ ಬಂದಾಗ ಭಾವ ನಿಲ್ಲಿಸುವುದು, ನಾನು ಹೆಸರು ಹೇಳುವುದು ಎಂದು ಗೊತ್ತು ಮಾಡಿಕೊಂಡೆವು.

ಹಾಡು ಹಿಡಿಯುವ ದಿನ ರಾಮ್‌ಸಮುಜ್‌ನ ಹೆಂಡತಿ ನಮಗೆಲ್ಲ ರೋಟಿ, ಬಾತುಕೋಳಿ ಸಾರು ಬಡಿಸಿದಳು. ಆಕೆಯದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಸಾರು ರುಚಿಯಾಗಿತ್ತು, ಕೋಣೆಗೆ ಕಿಟಕಿ ಇರಲಿಲ್ಲ, ವಂದನೆ ಹತ್ತೊಂಬತ್ತು ನಿಮಿಷ ಇತ್ತು. ಭಾವ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಒಬ್ಬೊಬ್ಬರನ್ನೇ ಹೆಸರು ಹಿಡಿದು ವಂದಿಸುತ್ತ ಹೋದ. ಜನರೇಟರಿನವರೆಗೆ ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಅವನು ನಿಲ್ಲಿಸಿದನಂತೆ. ಕೋಣೆ ನಿಶ್ಶಬ್ದವಾಯಿತಂತೆ. ತಮ್ಮಂದಿರು ಮರ್ಯಾದೆಯಿಂದ ತಲೆ ತಗ್ಗಿಸಿದರಂತೆ. ನನ್ನ ಕಡೆಯಿಂದ ಏನೋ ಸದ್ದು ಬಂತು, ಕಣ್ಣು ಮುಚ್ಚಿದ್ದ ಭಾವ ನಾನು ಹೆಸರು ಹೇಳಿ ಮುಗಿಸಿದೆನೆಂದು ತಿಳಿದು ಮುಂದೆ ಹೋದ. ಅಚ್ಚುಕಟ್ಟಿನ ಮನುಷ್ಯ ರಾಮ್‌ಸಮುಜ್ ಸಂಜೆ ಕೂತು, ಆ ಖಾಲಿ ಜಾಗವನ್ನೂ, ನೀರಿನ ಪಂಪಿನ ಹಾಗೆ ಕೇಳಿಸಿದ ಸದ್ದನ್ನೂ ಕತ್ತರಿಸಿ ತೆಗೆದ. ಭಾವನಿಗೆ ತಾಳ್ಮೆ ಎಲ್ಲಿತ್ತು? ಮತ್ತೊಮ್ಮೆ ಕೇಳಿಯೂ ನೋಡದೆ ಮೂಲ ಪ್ರತಿಯನ್ನು ಸುವಾ ಹಡಗಿಗೆ ಕೊಟ್ಟುಬಿಟ್ಟ. ಊರಿಗೆ ಕೇಳಿಸಲೆಂದು ರಾಮ್‌ಸಮುಜ್ ಒಂದು ಪ್ರತಿ ಬರ್ನ್ ಮಾಡಿ ಕೊಟ್ಟ. ಆ ಹಸಿರು ಹೊಟ್ಟೆ ಯಾರಿಗೂ ಕಾಣದಿರಲೆಂದು ಭಾವ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದ.

ಅಚ್ಚಾಗಿ ಬರುವುದಕ್ಕೆ ತಿಂಗಳು ಹಿಡಿಯುತ್ತದೆ, ಅಷ್ಟು ದಿನ ಊರು ಸುಮ್ಮನಿರುತ್ತದೆಯೇ? ಎರಡನೇ ಶನಿವಾರ ಮಧ್ಯಾಹ್ನ ಎಲ್ಲರೂ ಸಮುದಾಯದ ಮನೆಯಲ್ಲಿ ಸೇರಿ ಸಿ.ಡಿ. ಹಾಕಿಸಿದರು. ಒಂದೊಂದು ಹೆಸರಿಗೂ ಚಪ್ಪಾಳೆ, ಕೇಕೆ. ಹೆಸರು ಬಂದವರು ಎದ್ದು ನಿಂತು ಸುತ್ತ ನೋಡಿ ಕೂತರು. ಜನರೇಟರಿಗೆ ಎಲ್ಲರಿಗಿಂತ ದೊಡ್ಡ ಕೇಕೆ ಬಿತ್ತು. ಹಿಂದಿನ ಸಾಲಿನಲ್ಲಿ ಮೆರೆಸೇನಿ ಹೊಸ ಉಡುಪು ತೊಟ್ಟು, ತಲೆಗೆ ಹೂ ಮುಡಿದು, ಬೀಸಣಿಗೆ ಹಿಡಿದು ಕೂತಿದ್ದಳು. ಜನರೇಟರ್ ಆಯಿತು. ಅದರ ಹಿಂದೆಯೇ ಗಿಟಾರು ಶುರುವಾಯಿತು.

ಬೀಸಣಿಗೆ ನಿಂತಿತು. ಹಾಡು ಮುಗಿಯುವವರೆಗೂ ಅವಳು ಕೂತಿದ್ದಳು, ತನ್ನದೇ ಹಾಡಲ್ಲವೇ. ಮುಗಿದ ಮೇಲೆ ಚಾಪೆ ಮಡಚಿಕೊಂಡು ಮನೆಗೆ ಹೋದಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ಕೆಲೆಪಿಯ ಹೆಂಡತಿ ಉನೈಸಿ ಬೈಯುವ ಕೆಲಸ ವಹಿಸಿಕೊಂಡಳು.

"ಜನರೇಟರಿನ ಹೆಸರಿದೆ! ಹಾಡು ಕಟ್ಟಿದ ನಮ್ಮಮ್ಮನ ಹೆಸರಿಲ್ಲ! ಡೀಸೆಲ್ ಕುಡಿದಿದ್ರೆ ನಮ್ಮಮ್ಮನಿಗೂ ಒಂದು ನಮಸ್ಕಾರ ಹಾಕ್ತಿದ್ರೇನೋ!"

"ಇನೋಸಿ ಹೇಳಿದ್ನಲ್ಲೇ! ಅವನ ಧ್ವನಿ ನಾನೇ ಕೇಳಿದೀನಿ!" ಎಂದ ಕೆಲೆಪಿ.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ನಿಜ ಹೇಳಿದೆ.

ಉನೈಸಿ ಅಡುಗೆಯ ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿಕೊಂಡು ತಾಯಿಯ ಮನೆಗೆ ಹೊರಟಳು. ಚಮಚವನ್ನೂ ಬಿಡಲಿಲ್ಲ. ಭಾವ ಫೋನಿಗೆ ಓಡಿದ. ಫ್ಯಾಕ್ಟರಿಯ ಸುವಾ ಏಜೆಂಟು ಬಹಳ ಸಂತೋಷದಿಂದ ಹೇಳಿದ, "ಅಭಿನಂದನೆ ಸರ್! ಸಾವಿರವೂ ಅಚ್ಚಾಗಿ ಹಡಗು ಹತ್ತಿದೆ. ಬಹಳ ಬೇಗ ಮಾಡಿಸಿದೀವಿ!"

ಭಾವ ಫೋನಿಟ್ಟು ಮೆಟ್ಟಿಲ ಮೇಲೆ ಕೂತ. "ಇನೋಸಿ, ರಾಮ್‌ಸಮುಜ್ ಹೇಳಿದ್ದು ಸರಿ ಕಣೋ. ಏಳೇಳೇ ಮಾಡಿಸಿದ್ರೆ ಇಷ್ಟೊತ್ತಿಗೆ ತಿದ್ದಿ ಆಗ್ತಿತ್ತು. ಒಡೆಯರ ಮುಂದೆ ಇನ್ನೊಂದು ಬೇರು ಇಟ್ಟು ಹೇಳ್ಬಿಡ್ತೀನಿ. ನನ್ನ ಮಾತು ಸುಳ್ಳಾಗ್ಲಿ. ಆ ಸಾವಿರ ಸಮುದ್ರಕ್ಕೆ ಹಾಕಿ, ಹಸಿರು ಹೊಟ್ಟೇದೇ ಮಾಡ್ಸೋಣ."

ಅವನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಊರಿನ ಕೊಬ್ಬರಿಯೆಲ್ಲ ಅದರಲ್ಲಿತ್ತು, ನಾಸಿಗಾದವರ ನಗೆ ಕಾದು ಕೂತಿತ್ತು. "ಮೊದಲು ಅತ್ತೆ ಹತ್ರ ಹೋಗೋಣ ಬಾ ಭಾವ," ಎಂದೆ.

ಹೋಗುವುದೇನೋ ಸರಿ, ಮಾತನಾಡುವುದು ಹೇಗೆ? ಮೆರೆಸೇನಿ ಹೊಸ್ತಿಲ ಒಳಗೆ ನಮಗೆ ಬೆನ್ನು ಹಾಕಿ ಚಾಪೆ ಹೆಣೆಯುತ್ತಿದ್ದಳು. ಭಾವ ಅಂಗಳದಲ್ಲಿ ಕೂತು, ನನ್ನ ಮುಖ ನೋಡುತ್ತ, ಕೊಲ್ಲಿಯಾಚೆಗೆ ಕೇಳುವಷ್ಟು ಜೋರಾಗಿ ಶುರು ಮಾಡಿದ.

"ಇನೋಸಿ! ಒಬ್ಬ ಮನುಷ್ಯ ದೊಡ್ಡ ತಪ್ಪು ಮಾಡಿದಾನೆ ಕಣಯ್ಯ! ಅವನು ಆ ಸಿ.ಡಿ.ಗಳನ್ನೆಲ್ಲ ಸಮುದ್ರಕ್ಕೆ ಹಾಕ್ತಾನಂತೆ!"

ನಾನು ಒಂದಡಿ ದೂರದಲ್ಲಿದ್ದೆ. ಕಿವಿ ಗುಂಯ್ ಎಂದಿತು.

ಅಂಗಳದಲ್ಲಿ ಅವಳ ಬೂದು ಬಣ್ಣದ ಕೋಳಿ ಕೆದಕುತ್ತಿತ್ತು. ಮುದುಕಿ ಅದರೊಡನೆ ಮಾತಿಗಿಳಿದಳು.

"ಕೋಳಿ, ಹುಚ್ಚರ ಮಾತು ಕೇಳಿದ್ಯಾ? ಊರವರ ಕೊಬ್ಬರಿ ಸಮುದ್ರಕ್ಕೆ ಹಾಕ್ತಾರಂತೆ."

"ಇನೋಸಿ, ಮತ್ತೆ ಆ ಮನುಷ್ಯ ಏನ್ ಮಾಡ್ಬೇಕು ಅಂತ ಕೇಳು!"

ನಾನು ಕೋಳಿಯನ್ನು ಕೇಳಬೇಕೋ, ಅತ್ತೆಯನ್ನು ಕೇಳಬೇಕೋ ತಿಳಿಯದೆ ಎರಡರ ನಡುವೆ ನೋಡಿದೆ.

"ಕೋಳಿ," ಎಂದಳು ಮೆರೆಸೇನಿ, ಹೆಣೆಯುವುದನ್ನು ನಿಲ್ಲಿಸದೆ, "ಅವನ ಬಾಯಲ್ಲಿ ನನ್ನ ಹೆಸರು ಬರಬಾರದು, ಅದು ನನಗೂ ಗೊತ್ತು. ಅವನು ಮರ್ಯಾದಸ್ಥ. ತಡೆ ಇರೋದು ಬಾಯಿಗೆ. ಕೈಗೇನಾಗಿದೆ ಅಂತ ಕೇಳು."

ಕೋಳಿ ಕೇಳಲಿಲ್ಲ, ಆದರೆ ಭಾವನಿಗೆ ಅರ್ಥವಾಯಿತು. ಜೀವಮಾನದಲ್ಲೇ ಮೊದಲ ಸಲ ಪೂರ್ತಿ ಅರ್ಥವಾಯಿತು ಎಂದು ನನ್ನ ಅಂದಾಜು.

ಮುಂದಿನ ವಾರ ಹತ್ತು ಪೆಟ್ಟಿಗೆಗಳು ಬಂದಿಳಿದವು. ಸಿ.ಡಿ.ಯ ಮೇಲ್ಭಾಗ ಬಿಳಿ, ಅಂಚಿನಲ್ಲಿ ತಂಡದ ಹೆಸರು ಮಾತ್ರ. ನಡುವೆ ತನ್ನ ಮುಖ ಹಾಕಿಸಬೇಕೆಂದು ಭಾವ ಬಹಳ ಆಸೆಪಟ್ಟಿದ್ದ, ಬಣ್ಣಕ್ಕೆ ಹಣ ಸಾಲದೆ ಆ ಜಾಗ ಖಾಲಿ ಉಳಿದಿತ್ತು. ವೈಕುಲಾದ ಬಡತನ ಅಷ್ಟು ಒಳ್ಳೆಯ ಕೆಲಸವನ್ನು ಹಿಂದೆಂದೂ ಮಾಡಿರಲಿಲ್ಲ. ಅವನು ಅತ್ತೆಯ ಮನೆಯ ಎದುರಿನ ಹಲಸಿನಂಥ ಕಾಯಿ ಬಿಡುವ ಬ್ರೆಡ್‌ಫ್ರೂಟ್ ಮರದ ಕೆಳಗೆ ಚಾಪೆ ಹಾಸಿ, ಮಾರ್ಕರ್ ಪೆನ್ನು ಹಿಡಿದು ಕೂತ. ಒಂದೊಂದರ ಮೇಲೂ ಬರೆದ: ಹಾಡು ಕಟ್ಟಿದವರು ಮೆರೆಸೇನಿ, ವೈಕುಲಾ. ತುಟಿ ಬಿಗಿಯಾಗಿ ಮುಚ್ಚಿಕೊಂಡು ಬರೆದ. ಬರೆಯುವಾಗ ಅಕ್ಷರ ತಪ್ಪಿ ಬಾಯಿಗೆ ಬಂದುಬಿಟ್ಟರೆ ಎಂಬ ಭಯ.

ದಿನಕ್ಕೆ ನಲವತ್ತು. ಪೆನ್ನುಗಳು ಮುಗಿದವು, ಬೆರಳು ಬಾತುಕೊಂಡಿತು. ನಾನು ಸಹಾಯಕ್ಕೆ ಹೋದರೆ ಕೈ ಸರಿಸಿದ. "ನೀನು ನಿದ್ದೆ ಮಾಡ್ಬಿಡ್ತೀಯ."

ಊರಿನಲ್ಲಿ ಹೊಸ ಹೊಟ್ಟೆಕಿಚ್ಚು ಶುರುವಾಯಿತು. ನಮ್ಮ ಹೆಸರು ಬರೀ ಕಿವಿಗೆ, ಅವಳದು ಕಣ್ಣಿಗೆ ಎಂದು ಗೊಣಗಿದರು. ಮುಖಂಡ ಬಂದು ಅಂಚಿನಲ್ಲಿ ಚಿಕ್ಕದಾಗಿ ಜನರೇಟರಿಗೂ ಜಾಗ ಇದೆಯೇ ಎಂದು ಕೇಳಿದ. ಭಾವ ಪೆನ್ನು ಎತ್ತಿ ಅವನನ್ನು ನೋಡಿದ ರೀತಿಗೆ ಅವನು ಹಾಗೇ ಹಿಂದಕ್ಕೆ ನಡೆದುಹೋದ.

ಒಂದು ದಿನ ಎಪೆಲಿ ಬಂದ. ತಮ್ಮೂರಿನ ಹಕ್ಕಿನಂತೆ ಯಾರನ್ನೂ ಕೇಳದೆ ಇಪ್ಪತ್ತು ಸಿ.ಡಿ. ಎತ್ತಿ ಬುಟ್ಟಿಗೆ ಹಾಕಿಕೊಂಡ. ಒಂದನ್ನು ತಿರುಗಿಸಿ ನೋಡಿದ.

"ಬೆಳ್ಳಿಯೇ ಕಣಪ್ಪ. ಒಪ್ಪಿದೆ." ಮತ್ತೆ ಮೇಲಕ್ಕೆ ತಿರುಗಿಸಿದ. "ಇದ್ಯಾರ ಹೆಸರು ಬರ್ದಿದೀಯ?"

ಕೆಲೆಪಿ ಬಾಯಿ ತೆರೆದ, ಮುಚ್ಚಿದ. "ಓದ್ಕೋ."

"ಕನ್ನಡಕ ತಂದಿಲ್ಲ. ನೀನೇ ಹೇಳು, ಯಾರು?"

"ಅದು... ಒಬ್ಬರು."

"ಒಬ್ಬರು ಅಂದ್ರೆ? ಯಾರಯ್ಯ? ಸಾವಿರ ಸಲ ಬರ್ದಿದೀಯ, ಹೆಸರು ಗೊತ್ತಿಲ್ವಾ?"

ಎಪೆಲಿಗೆ ಎಲ್ಲ ಗೊತ್ತಿತ್ತು. ನಮ್ಮ ಕಷ್ಟ ನೋಡಿ ನಗುವುದು ಅವನ ಹಕ್ಕು, ಅದನ್ನು ಚೆನ್ನಾಗಿ ಬಳಸಿಕೊಂಡ. ಹೊಸ್ತಿಲ ಒಳಗಿನಿಂದ ಇನ್ನೊಂದು ನಗೆಯೂ ಸಣ್ಣಗೆ ಕೇಳಿಸಿತು. ಆ ಸಂಜೆ ಉನೈಸಿ ಚಮಚಗಳ ಸಮೇತ ಮನೆಗೆ ವಾಪಸು ಬಂದಳು.

ಮೊದಲು ಬರೆದ ಸಿ.ಡಿ. ಲಾವು ಹಡಗಿನಲ್ಲಿ ಲಿತಿಯಾಳಿಗೆ ಹೋಗಿತ್ತು. ನಾಲ್ಕು ತಿಂಗಳ ಮೇಲೆ ಕಾಗದ ಬಂತು. ಮೆರೆಸೇನಿ ಎಲ್ಲರನ್ನೂ ಭಾನುವಾರದ ಊಟಕ್ಕೆ ಕರೆಸಿ ಉನೈಸಿಯ ಕೈಯಲ್ಲಿ ಓದಿಸಿದಳು.

"ಅಕ್ಕ, ನಿನ್ನ ಸಿ.ಡಿ. ತಲುಪಿತು. ನಮ್ಮ ದ್ವೀಪದಲ್ಲಿ ಇದನ್ನು ಹಾಡಿಸುವ ಯಂತ್ರ ಯಾರ ಮನೆಯಲ್ಲೂ ಇಲ್ಲ. ಹಾಡು ನನಗೆ ಹೇಗೂ ಬರುತ್ತದೆ, ನಾನು ದೋಣಿ ಹತ್ತುವ ಹಿಂದಿನ ರಾತ್ರಿ ನೀನೇ ಕಟ್ಟಿ ಕಲಿಸಿದ್ದು. ಸಿ.ಡಿ.ಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ, ನಿನ್ನ ಹೆಸರು ಕಾಣುವಂತೆ. ಎದ್ದ ಕೂಡಲೇ ನೋಡುತ್ತೇನೆ."

ಮೆರೆಸೇನಿ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡು ಅತ್ತಳು. ಭಾವ ನನ್ನ ಕಿವಿಯ ಹತ್ತಿರ ಬಗ್ಗಿದ.

"ಇನೋಸಿ, ಹೆಸರು ಈಚೆಗಿದ್ರೆ, ಬೆಳ್ಳಿ ಹೊಟ್ಟೆ..."

"ಗೋಡೆ ಕಡೆಗೆ, ಭಾವ."

"ಹಸಿರಾಗಿದ್ರೂ ನಡೀತಿತ್ತು ಅಲ್ವಾ?" ಎಂದ.

ಮೆರೆಸೇನಿ ಕಣ್ಣೊರೆಸಿಕೊಂಡು ಅಳಿಯನಿಗೆ ಏನೋ ಹೇಳಲೆಂದು ಅಭ್ಯಾಸದಂತೆ ಅಂಗಳದ ಕಡೆ ತಿರುಗಿದಳು. ಅಂಗಳ ಖಾಲಿಯಾಗಿತ್ತು. ಬೂದು ಕೋಳಿ ಬೆಳಗಿನಿಂದ ತೆಂಗಿನ ಹಾಲಿನಲ್ಲಿ ಬೇಯುತ್ತಿತ್ತು. ಮುದುಕಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಪಾತ್ರೆಗೆ ಸೌಟು ಹಾಕಿ, ಕೋಳಿಯ ಎರಡು ಕಾಲನ್ನೂ ಕೆಲೆಪಿಯ ತಟ್ಟೆಗೆ ಬಡಿಸಿ ಅವನ ಮುಂದೆ ತಳ್ಳಿದಳು.

ನನ್ನ ತಟ್ಟೆಗೆ, ನಿದ್ದೆ ಮಾಡಿದ ತಪ್ಪಿಗೆ, ಕತ್ತು ಬಂತು.